ವಾರಗೆಯವರಿಲ್ಲದ ಬೀದಿ

ಅವ್ವನ ಫೋನು ಬರುತ್ತಿದ್ದುದು ನಾನು ಫ್ಯಾಕ್ಟರಿ ಬಸ್ಸು ಹತ್ತಿ ಕೂತ ಮೇಲೇ. ಚಾಮರಾಜನಗರದಿಂದ ಬದನಗುಪ್ಪೆಗೆ ಅಷ್ಟೇನೂ ದೂರವಿಲ್ಲ. ಆದರೆ ನಮ್ಮ ಬಸ್ಸು ನೇರವಾಗಿ ಹೋಗುವುದಿಲ್ಲ. ದಾರಿಯಲ್ಲಿರುವ, ದಾರಿ ಬಿಟ್ಟು ಒಳಗಿರುವ ಹಳ್ಳಿಗಳನ್ನೆಲ್ಲ ಸುತ್ತಿ, ಊಟದ ಬ್ಯಾಗು ಹಿಡಿದು ನಿಂತ ಹೆಂಗಸರನ್ನು ತುಂಬಿಕೊಂಡು ಹೋಗುತ್ತದೆ. ಡ್ರೈವರ್ ಒಬ್ಬನನ್ನು ಬಿಟ್ಟರೆ ಅದರಲ್ಲಿ ಗಂಡಸು ಅನ್ನುವವರೇ ಇರುವುದಿಲ್ಲ. ಅವ್ವನಿಗೆ ಅದು ಗೊತ್ತಿತ್ತು. ಡೈರಿಗೆ ಹಾಲು ಹಾಕಿ ಬಂದವಳೇ ಜಗಲಿಯ ಮೇಲೆ ಕೂತು ನನ್ನ ನಂಬರ್ ಒತ್ತುತ್ತಿದ್ದಳು.

“ಯಾರಾರ ಸಿಕ್ಕುದ್ರಾ ಕಣಮ್ಮಿ?”

“ಸಿಕ್ಕಿದ್ರೆ ನಾನೇ ನಿನ್ಗೇಳ್ತಿರ್ಲಿಲ್ವಾ ಅವ್ವಾ?”

“ಬಸ್ ತುಂಬ ಎಣ್ಮಕ್ಳೇ ಅಂತೀಯ. ಅಷ್ಟ್ರಲ್ಲಿ ಒಬ್ಳು ಸಿಕ್ಕಲ್ವಾ ನಿನ್ ತಮ್ಮನ್ಗೆ?”

ಪಕ್ಕದಲ್ಲಿ ಕೂತವರಿಗೆಲ್ಲ ಅವ್ವನ ಗಂಟಲು ಕೇಳುತ್ತಿತ್ತು. ಕೆಲವರು ನಗುತ್ತಿದ್ದರು, ಕೆಲವರು ಕಿಟಕಿಯ ಕಡೆ ತಿರುಗುತ್ತಿದ್ದರು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು, “ಆಮೇಲ್ ಮಾಡ್ತೀನಿ ಬುಡು” ಅನ್ನುತ್ತಿದ್ದೆ. ಆದರೆ ಇಡೀ ದಿನ, ಚೆಕಿಂಗ್ ಟೇಬಲ್ಲಿನ ಮೇಲೆ ಶರ್ಟುಗಳ ಹೊಲಿಗೆ ನೋಡುತ್ತ ನಿಂತಾಗಲೂ, ಅವ್ವನ ಆ ಪ್ರಶ್ನೆ ನನ್ನ ಬೆನ್ನು ಹತ್ತಿರುತ್ತಿತ್ತು. ಎದುರಿಗೆ ಸಾಲುಸಾಲಾಗಿ ಮೆಷಿನ್‌ಗಳ ಮುಂದೆ ಬಗ್ಗಿಕೊಂಡಿದ್ದ ಹುಡುಗಿಯರನ್ನು ಕಂಡರೆ ಅವ್ವ ಹೇಳುವುದರಲ್ಲಿ ಏನು ತಪ್ಪು ಅನ್ನಿಸುತ್ತಿತ್ತು. ಇಷ್ಟು ಜನರಲ್ಲಿ ಒಬ್ಬಳು!

ನನ್ನ ತಮ್ಮನಿಗೆ ಆಗ ಮೂವತ್ತಾರು. ನಮ್ಮೂರು ಹಂಗಳ ದಾಟಿ ಕಾಡಿನ ಕಡೆಗಿರುವ ಸಣ್ಣ ಊರು. ಅಪ್ಪ ತೀರಿಕೊಂಡ ಮೇಲೆ ಜಮೀನೆಲ್ಲ ಅವನೇ ನೋಡಿಕೊಂಡ. ಬೋರ್‌ವೆಲ್‌ನಲ್ಲಿ ನೀರಿತ್ತು. ಅರಿಶಿನ, ಸಣ್ಣ ಈರುಳ್ಳಿ, ಮಳೆಗಾಲದಲ್ಲಿ ಚೆಂಡುಹೂವು. ಅವನ ಹೂವಿನ ಹೊಲ ರಸ್ತೆಗೇ ಅಂಟಿಕೊಂಡಿರುವುದರಿಂದ ಊಟಿಗೆ ಹೋಗುವ ಕಾರುಗಳು ಅಲ್ಲಿ ನಿಲ್ಲುತ್ತಿದ್ದವು. ಹೊಸದಾಗಿ ಮದುವೆಯಾದ ಜೋಡಿಗಳು ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದವು. ತೆಗೆಯಲು ಇನ್ನೊಬ್ಬರು ಬೇಕಾದಾಗ ಫೋನನ್ನು ನನ್ನ ತಮ್ಮನ ಕೈಗೇ ಕೊಡುತ್ತಿದ್ದರು. ಅವನು ಬಗ್ಗಿ, ಎದ್ದು, ಹಿಂದೆ ಸರಿದು, ಚೆನ್ನಾಗಿಯೇ ತೆಗೆದುಕೊಡುತ್ತಿದ್ದ.

ಕುಡಿತವಿಲ್ಲ, ಜೂಜಿಲ್ಲ. ಬರುವವಳಿಗೆಂದು ಮನೆಯ ಹಿಂದೆ ಟೈಲ್ಸ್ ಹಾಕಿದ ಬಚ್ಚಲು ಕಟ್ಟಿಸಿದ್ದ. ಅದು ಹಳೆಯದಾಗುತ್ತ ಬಂದರೂ ಬರುವವಳು ಬಂದಿರಲಿಲ್ಲ. ಮೊದಮೊದಲು ಅವ್ವ ಜಾತಕ ಹೊಂದಬೇಕು ಅನ್ನುತ್ತಿದ್ದಳು. ಆಮೇಲೆ ಜಾತಕದ ಮಾತು ಬಿಟ್ಟಳು. ಓದಿದವಳು ಬೇಡ ಅನ್ನುತ್ತಿದ್ದವಳು ಎಷ್ಟು ಬೇಕಾದರೂ ಓದಿರಲಿ ಅಂದಳು. ಒಂದು ದಿನ, “ಎರಡ್ನೇ ಸಂಬಂದ ಆದ್ರೂ ಪರ್ವಾಗಿಲ್ಲ” ಅಂದಾಗ ನನಗೇ ಗಾಬರಿಯಾಯಿತು. ಅಂಥ ಮಾತು ಅವ್ವನ ಬಾಯಲ್ಲಿ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಅವನೊಬ್ಬನದೇ ಕಥೆಯಾಗಿದ್ದರೆ ಹಣೆಬರಹ ಅಂತ ಸುಮ್ಮನಿರಬಹುದಿತ್ತು. ನಾನು ಊರಿಗೆ ಹೋದಾಗಲೆಲ್ಲ ಅರಳಿಕಟ್ಟೆಯ ಹತ್ತಿರದ ಟೀ ಅಂಗಡಿ ದಾಟಿಯೇ ಹೋಗಬೇಕು. ಸಂಜೆಯಾದರೆ ಅಲ್ಲಿ ಅವನ ವಾರಗೆಯವರು, ಅವನದೇ ವಯಸ್ಸಿನವರೆಲ್ಲ ಸೇರುತ್ತಿದ್ದರು. ಒಂದು ಕಾಲದಲ್ಲಿ ಶಾಲೆಯ ಮುಂದೆ ವಾಲಿಬಾಲ್ ಆಡುತ್ತಿದ್ದ ಹುಡುಗರು. ಈಗ ಕೆನ್ನೆಯಲ್ಲಿ ಬಿಳಿ ಕೂದಲು. ಒಬ್ಬರಿಗೂ ಮದುವೆಯಾಗಿರಲಿಲ್ಲ. ನನ್ನನ್ನು ಕಂಡರೆ, “ಅಕ್ಕಾ, ಬಂದ್ರಾ” ಅಂತ ಎದ್ದು ನಿಲ್ಲುತ್ತಿದ್ದರು. ಆ ಎದ್ದು ನಿಲ್ಲುವುದರಲ್ಲಿ ಒಂದು ಆಸೆ ಇರುತ್ತಿತ್ತು. ಅದು ಗೊತ್ತಾಗಿ ನಾನು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ.

ಅವರ ಜೊತೆ ಓದಿದ ಹುಡುಗಿಯರು ಇರಲಿಲ್ಲವೆ? ಇದ್ದರು. ನಮ್ಮೂರಲ್ಲಿ ಹೆಣ್ಣು ಹುಟ್ಟಲಿಲ್ಲ ಅಂತಲ್ಲ. ಹುಟ್ಟಿದವರು ಹೋದರು. ಒಬ್ಬಳು ಮೈಸೂರಿಗೆ, ಒಬ್ಬಳು ನಂಜನಗೂಡಿಗೆ, ಇಬ್ಬರು ತಿರುಪ್ಪೂರಿಗೆ. ನಾನೂ ಹೋದವಳೇ. ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿರುವ ವರ ಸಿಕ್ಕಿದಾಗ ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದ: “ತಿಂಗ್ಳಾದ್ರೆ ಸಂಬ್ಳ ಕಣ್ಲಾ. ಮಳೆ ನೋಡಂಗಿಲ್ಲ, ಆನೆ ನೋಡಂಗಿಲ್ಲ.” ಆ ಮಾತನ್ನೇ ಊರಿನ ಎಲ್ಲ ಅಪ್ಪಂದಿರೂ ತಮ್ಮ ತಮ್ಮ ಹೆಣ್ಣುಮಕ್ಕಳಿಗೆ ಹೇಳಿದ್ದರು. ಗಂಡುಮಕ್ಕಳಿಗೆ ಏನು ಹೇಳಿದರೋ ಗೊತ್ತಿಲ್ಲ.

ನನ್ನ ಚೆಕಿಂಗ್ ಟೇಬಲ್ಲಿನ ಎದುರು ಬದಿಯಲ್ಲಿ ಉಮ್ಮತ್ತೂರಿನವಳೊಬ್ಬಳು ನಿಲ್ಲುತ್ತಿದ್ದಳು. ಮೂವತ್ಮೂರು ಅವಳಿಗೆ. ಚಿಕ್ಕವಳಿದ್ದಾಗಲೇ ತಂದೆ ತೀರಿಹೋಗಿದ್ದರಿಂದ ಹತ್ತನೇ ಕ್ಲಾಸು ಮುಗಿಸಿ ದುಡಿಯಲು ನಿಂತವಳು. ಇಬ್ಬರು ತಂಗಿಯರ ಮದುವೆ ಮಾಡಿದಳು. ಅಷ್ಟರಲ್ಲಿ ಅವಳನ್ನು ಕೇಳಿಕೊಂಡು ಬರುವವರು ನಿಂತುಹೋಗಿದ್ದರು. ಇದ್ದದ್ದನ್ನು ಇದ್ದಹಾಗೆ ಹೇಳುವ ಬಾಯಿ. ಸೂಪರ್‌ವೈಸರ್ ಕೂಗಾಡಿದರೆ ಇವಳು ಇನ್ನೂ ಜೋರಾಗಿ ನಗುತ್ತಿದ್ದಳು. ನಮ್ಮ ಪೈಕಿಯವಳೇ. ಆದರೂ ಅವಳನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಕೇಳಿದರೆ ಟೇಬಲ್ಲಿನ ಸ್ನೇಹವೂ ಹೋಗುತ್ತದೆ ಅನ್ನುವ ಅಂಜಿಕೆ ಇತ್ತೇನೋ.

ಒಂದು ದಿನ ಊಟದ ಬೆಲ್ಲಿನಲ್ಲಿ ಬುತ್ತಿ ಬಿಚ್ಚುತ್ತ ಅವಳೇ ಕೇಳಿದಳು:

“ಅಕ್ಕ, ನಿಮ್ ತಮ್ಮನ್ಗೆ ಬಾಯಲ್ಲಿ ಹಲ್ಲು ಅವಾ?”

“ಯಾಕಮ್ಮಿ?”

“ವರ್ಷಾನ್ಗಟ್ಲೆ ಹುಡುಕ್ತಾ ಇದ್ದೀರ, ಯಾರ್ಗೂ ಬ್ಯಾಡ ಅಂದ್ರೆ ಏನೋ ಕೊರೆ ಇರ್ಬೇಕಲ್ಲ ಅಂದ್ಕಂಡೆ.”

ನನಗೆ ರೇಗಿತು. ಅವನ ಹಲ್ಲು, ಕೈಕಾಲು, ಗುಣ, ಜಮೀನು, ಬಚ್ಚಲು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಫೋನಿನಲ್ಲಿದ್ದ ಅವನ ಫೋಟೊ ತೋರಿಸಿದೆ. ಅವಳು ಎಡಗೈಯಲ್ಲಿ ಫೋನು ಹಿಡಿದು, ತುತ್ತು ಬಾಯಿಗಿಡುವುದನ್ನೂ ಮರೆತು ನೋಡಿದಳು. ನಗಲಿಲ್ಲ.

“ನೋಡದಾದ್ರೆ ನೋಡ್ಬೋದು” ಅಂದಳು. “ಆದ್ರೆ ಅವ್ರು ಬಂದು ನನ್ನ ನೋಡದು ಬ್ಯಾಡ ಅಕ್ಕ. ಉಪ್ಪಿಟ್ಟು ಮಾಡಿ, ಸೀರೆ ಉಟ್ಟು ಕೂತ್ಕಳದು ನನ್ಗಾಗಲ್ಲ. ನಾನೇ ಬಂದು ಮನೆ ನೋಡ್ತೀನಿ. ಅಲ್ಲಿರ್ಬೇಕಾದವ್ಳು ನಾನಲ್ವಾ?”

ಅವ್ವ ಇದನ್ನು ಕೇಳಿ ಫೋನಿನಲ್ಲೇ ಕೂಗಾಡಿದಳು. ಎಣ್ಣು ಬಂದು ಗಂಡಿನ ಅಟ್ಟಿ ನೋಡುವುದು ಯಾವ ಊರ ಪದ್ಧತಿ, ಜನ ಏನಂದಾರು. ಹಿಂದಿನಿಂದ ತಮ್ಮನ ಮಾತು ಕೇಳಿತು: “ಬರ್ಲಿ ಬುಡವ್ವ. ಜನ ಇವತ್ಗಂಟ ಏನ್ ಎಣ್ಣು ತಂದ್ಕೊಟ್ರಾ?”

ಭಾನುವಾರ ಇಬ್ಬರೂ ಹೊರಟೆವು. ತೆರಕಣಾಂಬಿ ಮೇಲೆ ಗುಂಡ್ಲುಪೇಟೆ, ಅಲ್ಲಿಂದ ಇನ್ನೊಂದು ಬಸ್ಸು. ಹಂಗಳದ ಸ್ಟಾಪಿನಲ್ಲಿ ನನ್ನ ತಮ್ಮ, ಗೆಳೆಯನೊಬ್ಬನ ಆಟೊ ತಂದು ಕಾಯುತ್ತಿದ್ದ. ಹೊಸ ಶರ್ಟು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಅವಳಿಗೆ ನಮಸ್ಕಾರ ಮಾಡಬೇಕೋ ಬೇಡವೋ ತಿಳಿಯದೆ ನನ್ನ ಕೈಯ ಚೀಲ ಕಿತ್ತುಕೊಂಡ. “ಟೀ ಕುಡಿದ್ರಾ?” ಅಂತ ಕೇಳಿದ. ದಾರಿಯಲ್ಲಿ ಮತ್ತೆ ಅದನ್ನೇ ಕೇಳಿದ. ಅವಳು, “ಒಂದ್ಸಲ ಕುಡಿದಿವಿ, ಇನ್ನೊಂದ್ಸಲ ಕೊಡ್ಸಿದ್ರೆ ಬ್ಯಾಡ ಅನ್ನಲ್ಲ” ಅಂದಾಗ ಅವನ ಮುಖದಲ್ಲಿ ನಗು ಬಂತು. ಅವನು ಹಾಗೆ ನಕ್ಕಿದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ.

ಅವ್ವ ಹುರುಳಿಕಾಳಿನ ಉಪ್ಸಾರು, ಮುದ್ದೆ, ವಡೆ, ಪಾಯಸ ಎಲ್ಲ ಮಾಡಿದ್ದಳು. ಕೂಗಾಡಿದವಳು ಬಂದವಳನ್ನು ಕಂಡ ಮೇಲೆ ಬಡಿಸುವುದನ್ನು ನಿಲ್ಲಿಸಲೇ ಇಲ್ಲ. ಊಟವಾದ ಮೇಲೆ ತಮ್ಮ ಅವಳನ್ನು ಹೊಲ ತೋರಿಸಲು ಕರೆದುಕೊಂಡು ಹೋದ. ನಾನು ಸ್ವಲ್ಪ ಹಿಂದೆ ಉಳಿದೆ. ಅವನು ಅರಿಶಿನದ ಎಲೆ ಎತ್ತಿ ತೋರಿಸುತ್ತಿದ್ದ, ಆನೆ ಬರುವ ಕಡೆಗೆ ಹಾಕಿದ ಸೋಲಾರ್ ತಂತಿ ತೋರಿಸುತ್ತಿದ್ದ. ಬೆಳೆ ಬಲಿಯುವ ಕಾಲಕ್ಕೆ ಕಾವಲು ಮಲಗುವ ಅಟ್ಟಣೆ ಕಂಡು ಅವಳು ಕೇಳಿದಳು:

“ಭಯ ಆಗಲ್ವಾ?”

“ಆಯ್ತದೆ. ಒಬ್ನೇ ಇದ್ರೆ ಇನ್ನೂ ಆಯ್ತದೆ” ಅಂದ. ಹೇಳಿದ ಮೇಲೆ ನಾಚಿಕೆಯಾಗಿ ತಂತಿಯ ಕಂಬ ಹಿಡಿದು ಅಲ್ಲಾಡಿಸಿ ನೋಡಿದ.

ಅವಳಿಗೆ ಅವನು ಇಷ್ಟವಾದ ಅನ್ನುವುದು ನನಗೆ ಅಲ್ಲೇ ಗೊತ್ತಾಯಿತು. ಟೇಬಲ್ಲಿನ ಎದುರು ನಿಂತು ದಿನವೂ ನೋಡಿದ ಮುಖ ಅದು. ಎದೆ ಹಗುರಾಗಿ, ಮನೆಗೆ ಬಂದವಳೇ ಅವ್ವನಿಗೆ ಕಣ್ಣಿನಲ್ಲೇ ಹೇಳಿದೆ. ಅವ್ವ ಒಳಗೆ ಹೋಗಿ ಕುಂಕುಮದ ಬಟ್ಟಲು ಹುಡುಕತೊಡಗಿದಳು.

ಆಗ ಅವಳು ಜಗಲಿಯಿಂದ ಎದ್ದಳು. “ಅಕ್ಕ, ಬನ್ನಿ, ಬೀದಿ ಒಂದ್ ಸುತ್ತು ನೋಡ್ಕಂಡ್ ಬರನ” ಅಂದಳು. ಮೆಟ್ಟಿಲು ಇಳಿಯುತ್ತ ಕೇಳಿದಳು: “ಇಲ್ಲಿ ನನ್ ವಾರಗೆಯವ್ರು ಯಾರವ್ರೆ?”

“ಇಲ್ದೇ ಇರ್ತಾರಾ, ಬಾ” ಅಂದೆ. ನಿಜಕ್ಕೂ ಹಾಗೇ ಅಂದುಕೊಂಡಿದ್ದೆ. ನಾನು ಹುಟ್ಟಿ ಬೆಳೆದ ಬೀದಿ. ನೀರಿಗೆ, ಸೌದೆಗೆ, ಬಟ್ಟೆ ಒಗೆಯಲು ಹಿಂಡು ಹಿಂಡಾಗಿ ಹೋಗುತ್ತಿದ್ದ ಬೀದಿ.

ಪಕ್ಕದ ಮನೆಯ ಚಿಕ್ಕಮ್ಮ ಬಾಗಿಲಲ್ಲಿ ಕೂತು ಕಾಳು ಕೇರುತ್ತಿದ್ದಳು. ಅವಳ ಇಬ್ಬರು ಹೆಣ್ಣುಮಕ್ಕಳು ಊರು ಬಿಟ್ಟಿದ್ದರು, ಇಬ್ಬರು ಗಂಡುಮಕ್ಕಳು ಊರಲ್ಲಿದ್ದರು. ಅದರ ಮುಂದಿನ ಮನೆಯಲ್ಲಿ ಒಬ್ಬ ಹುಡುಗಿ ಇದ್ದಳು, ಪಿಯುಸಿ ಓದುತ್ತಿದ್ದವಳು. ನರ್ಸಿಂಗಿಗೆ ಮೈಸೂರಿನ ಕಾಲೇಜು ಸೇರುತ್ತೇನೆ ಅಂದಳು. ಅದರಾಚೆ ಅಂಗನವಾಡಿ ಸಹಾಯಕಿ ಇದ್ದಾಳಲ್ಲ ಅಂತ ಹುರುಪಿನಿಂದ ಕರೆದುಕೊಂಡು ಹೋದೆ. ಅವಳು ಐವತ್ತು ದಾಟಿದ್ದಳು, ನಾನೇ ಲೆಕ್ಕ ತಪ್ಪಿದ್ದೆ. ಮಕ್ಕಳು ಕಡಮೆಯಾಗಿದ್ದಾರೆ, ಕೇಂದ್ರವನ್ನು ಪಕ್ಕದೂರಿಗೆ ಸೇರಿಸುತ್ತಾರಂತೆ ಅನ್ನುವುದೇ ಅವಳ ಚಿಂತೆ. ಒಂದು ಮನೆಯ ಮುಂದೆ ಮೂವರು ಮುದುಕಿಯರು ಗೋಡೆಗೆ ಒರಗಿ ಕೂತಿದ್ದರು. ಅರಳಿಕಟ್ಟೆಯಲ್ಲಿ ತಮ್ಮನ ಗೆಳೆಯರು ನಮ್ಮನ್ನು ಕಂಡು ಒಟ್ಟಿಗೇ ಎದ್ದರು, ಒಟ್ಟಿಗೇ ತಲೆ ತಗ್ಗಿಸಿ ಫೋನು ನೋಡಿಕೊಂಡರು. ಒಬ್ಬನು ಲುಂಗಿ ಇಳಿಸಿಕೊಂಡ.

ನನಗೆ ಹಟ ಹತ್ತಿತ್ತು. ಒಂದೊಂದೇ ಬಾಗಿಲಲ್ಲಿ ಇಣುಕಿ, “ಯಾರವ್ರೆ ಒಳಗೆ?” ಅಂತ ಕೂಗುತ್ತಿದ್ದೆ. ಒಳಗಿಂದ ಮುದುಕನ ಕೆಮ್ಮು ಬರುತ್ತಿತ್ತು, ಅಥವಾ ಟಿ.ವಿ. ಸದ್ದು, ಇಲ್ಲವೆ ಪಾತ್ರೆ ತೊಳೆಯುತ್ತಿದ್ದ ಗಂಡಸು ಒದ್ದೆ ಕೈಯಲ್ಲಿ ಹೊರಗೆ ಬರುತ್ತಿದ್ದ. ಜರಡಿ ಹಿಡಿದ ಹಾಗೆ ಆಗಿತ್ತು ಬೀದಿ. ಶಾಲೆಗೆ ಹೋಗುವ ಹುಡುಗಿಯರು ಇದ್ದರು, ಅತ್ತೆಯಾಗುವ ವಯಸ್ಸಿನವರು ಇದ್ದರು. ನಡುವಿನವರು ಎಲ್ಲಿ ಉದುರಿಹೋದರು? ಮೊದಲು ಪಕ್ಕದಲ್ಲೇ ಮಾತಾಡುತ್ತ ಬರುತ್ತಿದ್ದವಳು ಈಗ ಒಂದು ಹೆಜ್ಜೆ ಹಿಂದೆ ಉಳಿದು ನಡೆಯುತ್ತಿದ್ದಳು.

ಬೀದಿಯ ತುದಿಯ ಮನೆಯಲ್ಲಿ ಒಬ್ಬಳು ಸಿಕ್ಕಿದಳು. ಇಪ್ಪತ್ತೆಂಟೋ ಮೂವತ್ತೋ ಇರಬಹುದು, ಸೊಂಟದಲ್ಲಿ ಮಗು. ಸತ್ಯಮಂಗಲದ ಆಚೆ ಯಾವುದೋ ಊರಿಂದ ಯಾರೋ ದಲ್ಲಾಳಿ ಗೊತ್ತುಮಾಡಿ ತಂದ ಸೊಸೆ ಅಂತ ಅವ್ವ ಹೇಳಿದ್ದು ನೆನಪಾಯಿತು. ಯಾವ ಕುಲ ಅಂತ ಊರಲ್ಲಿ ಯಾರೂ ಕೇಳಿರಲಿಲ್ಲವಂತೆ. ಕೇಳಿ ಏನು ಮಾಡುವುದು ಅನ್ನುವ ಸ್ಥಿತಿಗೆ ಬಂದುಬಿಟ್ಟಿದ್ದರು ಎಲ್ಲರೂ.

“ಉಕ್ಕಾರುಂಗ ಅಕ್ಕಾ, ಕೂತ್ಕೊಳ್ಳಿ, ಕೂತ್ಕೊಳ್ಳಿ” ಅಂತ ಚಾಪೆ ಹಾಸಿದಳು. ಅತ್ತೆ ಮಾವ ಹೊಲಕ್ಕೆ ಹೋಗಿದ್ದರು. ಟೀ ಇಟ್ಟಳು. ಅದು ಉಕ್ಕುವಷ್ಟರಲ್ಲಿ ಅವಳ ಮಾತು ಉಕ್ಕಿತು. ತಮಿಳು, ಕನ್ನಡ, ಎರಡೂ ಕಲಸಿಕೊಂಡು ಬರುತ್ತಿತ್ತು. ತನ್ನೂರಿನ ಸಂತೆ, ತನ್ನಕ್ಕನ ಮಕ್ಕಳು, ಇಲ್ಲಿಯ ಚಳಿ, ಮಗುವಿಗೆ ಬಂದ ಜ್ವರ. ಗಂಡ ಒಳ್ಳೆಯವನು ಅಂತ ಮತ್ತೆ ಮತ್ತೆ ಹೇಳಿದಳು. “ಎಲ್ಲಾ ಒಳ್ಳೆಯವ್ರೇ ಅಕ್ಕಾ. ಪೇಸ ಆಳಿಲ್ಲೆ. ಮಾತಾಡಕ್ಕೆ ಜನ ಇಲ್ಲ.” ಗ್ಲಾಸು ಖಾಲಿಯಾದರೆ ನಾವು ಎದ್ದುಬಿಡುತ್ತೇವೆಂದು ಹೆದರಿದವಳ ಹಾಗೆ ಮತ್ತೆ ಟೀ ಬಗ್ಗಿಸಿದಳು.

ಇವಳು ಯಾರು, ಯಾಕೆ ಬಂದಿದ್ದಾಳೆ ಅಂತ ನಾನು ಹೇಳಿದೆ. ಅಷ್ಟೇ, ಅವಳು ಮಗುವನ್ನು ಕೆಳಗಿಳಿಸಿ ಇವಳ ಎರಡೂ ಕೈ ಹಿಡಿದುಕೊಂಡಳು.

“ನೀ ಬಾ. ಬಂದ್ಬುಡು. ನೀ ಬಂದ್ರೆ ನಾನೂ ಇರ್ತೀನಿ.”

ಇವಳು ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಅವಳ ಬೆನ್ನು ಗಟ್ಟಿಯಾದದ್ದು ಪಕ್ಕದಲ್ಲಿ ಕೂತ ನನಗೆ ತಿಳಿಯಿತು. ಹೊರಗೆ ಬಂದ ಮೇಲೆ ಮಗು ಅಳುವುದು ಕೇಳಿಸಿತು. ತಿರುಗಿ ನೋಡಿದರೆ ಅವಳು ಬಾಗಿಲಲ್ಲೇ ಇದ್ದಳು, ಅಳುವ ಮಗುವನ್ನು ಎತ್ತಿಕೊಳ್ಳದೆ ನಮ್ಮನ್ನು ನೋಡುತ್ತ ನಿಂತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಉಮ್ಮತ್ತೂರಿನವಳು ಕಿಟಕಿಯ ಕಡೆ ತಿರುಗಿ ಕೂತಳು. ಅವ್ವ ಹಚ್ಚಿದ ಕುಂಕುಮ ಅವಳ ಹಣೆಯ ಮೇಲಿತ್ತು. ಮರುದಿನ ಅವಳು ರಜೆ ಹಾಕಿದಳು. ಅದರ ಮರುದಿನ ಬಂದು, ಶರ್ಟಿನ ಕಾಲರು ತಿರುವಿ ನೋಡುತ್ತ, ತಲೆಯೆತ್ತದೆ ಹೇಳಿದಳು:

“ನಿಮ್ ತಮ್ಮ ಬ್ಯಾಡ ಅನ್ನಲ್ಲ ಅಕ್ಕ. ಅವ್ರ ಜೊತೆ ಇರ್ಬೋದು. ಆ ಬೀದಿ ಜೊತೆ ಇರಕ್ಕಾಗಲ್ಲ. ಇಲ್ಲಿ ಬೆಳಿಗ್ಗೆಯಿಂದ ಸಂಜೆಗಂಟ ಎಷ್ಟು ಜನ್ರ ಜೊತೆ ನಗ್ತೀನಿ ನಾನು, ನೀವೇ ಕಂಡಿದ್ದೀರ. ಅಲ್ಲಿಗೋದ್ರೆ ಆ ತಮಿಳು ಹುಡ್ಗಿ ತರ ಆಗೋಯ್ತೀನಿ. ಬಂದವ್ರ ಕೈ ಇಡ್ಕಂಡು ಬುಡ್ದಂಗೆ.”

ಸಂಜೆ ಅವ್ವನಿಗೆ ಫೋನಿನಲ್ಲಿ ತಿಳಿಸಿದೆ. ಅವಳು ಸಿಡಿದೆದ್ದಳು. “ವಾರಗೆಯವ್ರ ಕಟ್ಕಂಡು ಸಂಸಾರ ಮಾಡಾರಾ? ಗಂಡಿದ್ರೆ ಸಾಲ್ದಾ? ನಾನ್ ಈ ಊರ್ಗೆ ಬಂದಾಗ ನನ್ಗೆ ಯಾರಿದ್ರು?” ಅಂದವಳು ತಾನೇ ನೆನೆಸಿಕೊಳ್ಳತೊಡಗಿದಳು. “ಮೂಲೆ ಮನೆಯವ್ಳು ನಾನ್ ಬಂದ ವರ್ಷವೇ ಬಂದ್ಲು. ಬಾವಿ ಮನೆಯವ್ಳು ಅದ್ರ ಮುಂದಿನ್ ವರ್ಷ. ಆಮೇಲೆ ನಿಮ್ ಚಿಕ್ಕಮ್ಮ. ನಿನ್ನ ಎತ್ತಾಗ ನನ್ ಬಾಣಂತನ ಮಾಡಿದ್ದು ಅವ್ರೇಯ...” ಮಾತು ಮುಗಿಸದೆಯೇ, “ಇಡ್ತೀನಿ ಕಣಮ್ಮಿ, ಅಸ ಕೂಗ್ತಾದ” ಅಂದಳು. ಹಸು ಕೂಗಿದ್ದು ನನಗೆ ಕೇಳಿಸಲಿಲ್ಲ.

ತಮ್ಮ ನನಗೆ ಫೋನು ಮಾಡಲಿಲ್ಲ. ನಾನು ಮಾಡಿದರೆ, “ಹೊಲದಲ್ಲಿದ್ದೀನಿ” ಅನ್ನುತ್ತಿದ್ದ. ಅವ್ವ ಹೇಳುವ ಪ್ರಕಾರ ಅವನು ಕೂತಲ್ಲಿ ಕೂರುತ್ತಿರಲಿಲ್ಲ. ಉಣ್ಣುತ್ತ ಉಣ್ಣುತ್ತ ಎದ್ದು ಹೋಗುತ್ತಿದ್ದ. ಬೈಕು ತೆಗೆದುಕೊಂಡು ಕಾರಣವಿಲ್ಲದೆ ಗುಂಡ್ಲುಪೇಟೆಗೆ ಹೋಗಿ ಬರುತ್ತಿದ್ದ. ಕಟ್ಟೆಯ ಹತ್ತಿರ ಗೆಳೆಯರು, “ಏನ್ಲಾ, ಏನಾಯ್ತ್ಲಾ” ಅಂತ ಕೇಳುತ್ತಾರೆಂದು ಹಿಂದಿನ ದಾರಿ ಹಿಡಿಯುತ್ತಿದ್ದ. ನನಗೂ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಟೇಬಲ್ಲಿನ ಎದುರು ಅವಳು, ಮನಸ್ಸಿನಲ್ಲಿ ಅವನು. ಇಬ್ಬರೂ ಒಬ್ಬರನ್ನೊಬ್ಬರು ಬೇಡ ಅಂದಿಲ್ಲ, ಆದರೂ ಕೆಲಸ ಕೆಟ್ಟಿತ್ತು. ಇದಕ್ಕೆ ಯಾರನ್ನು ಬೈಯುವುದು?

ಒಂದು ಸಂಜೆ ಷಿಫ್ಟ್ ಬಿಟ್ಟು ಹೊರಗೆ ಬರುತ್ತಿದ್ದೆವು. ಗೇಟಿನಿಂದ ನೂರಾರು ಹೆಂಗಸರು ಒಮ್ಮೆಗೇ ಹೊರಬೀಳುವ ಹೊತ್ತು. ರಸ್ತೆಯಾಚೆ ಬೈಕು ನಿಲ್ಲಿಸಿಕೊಂಡು ಒಬ್ಬ ಗಂಡಸು ನಿಂತಿದ್ದ. ತಮ್ಮ! ಹುಡುಗಿಯರು ಅವನನ್ನು ನೋಡಿ, ಒಬ್ಬರನ್ನೊಬ್ಬರು ತಿವಿದು, ನಗುತ್ತ ದಾಟುತ್ತಿದ್ದರು. ಅವನು ಕತ್ತು ಚಾಚಿ ಅಷ್ಟು ಮುಖಗಳ ನಡುವೆ ಒಂದು ಮುಖ ಹುಡುಕುತ್ತಿದ್ದ. ಬೆವರು ಇಳಿಯುತ್ತಿತ್ತು. ನಾನು ಕೈ ಎತ್ತಿದರೆ ನನ್ನನ್ನು ನೋಡಲೇ ಇಲ್ಲ. ನನ್ನ ಪಕ್ಕದಲ್ಲಿದ್ದವಳನ್ನು ನೋಡಿದ.

“ಒಂದ್ ಟೀ ಕುಡಿಯನ್ವಾ?” ಅಂದ ಅವಳಿಗೆ. “ಅಕ್ಕನೂ ಬರ್ಲಿ.”

ಗೇಟಿನೆದುರಿನ ಪೆಟ್ಟಿಗೆ ಅಂಗಡಿಯ ಬೆಂಚಿನ ಮೇಲೆ ಕೂತೆವು. ಬಸ್ಸಿನ ಹಾರನ್ನು ಕರೆಯುತ್ತಿತ್ತು. ಅವನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಅಂತ ಕಾಣುತ್ತದೆ, ಗಟಗಟ ಹೇಳಿದ:

“ಆ ಬೀದೀಲಿ ಇರಕ್ಕಾಗಲ್ಲ ಅಂದ್ರಂತೆ. ನನ್ಗೂ ಇರಕ್ಕಾಯ್ತಿಲ್ಲ. ಇದ್ದೀನಿ ಅಷ್ಟೆ. ಜಮೀನು ಬುಟ್ಟು ಬರಕ್ಕಾಗಲ್ಲ, ನನ್ಗೆ ಬ್ಯಾರೆ ಕೆಲ್ಸ ಬರಲ್ಲ. ಗುಂಡ್ಲುಪೇಟೇಲಿ ಒಂದ್ ಮನೆ ನೋಡಿದ್ದೀನಿ, ಬಾಡ್ಗೇಗೆ. ಅಕ್ಕಪಕ್ಕ ಮನೆಗಳವೆ. ಹೆಂಗಸ್ರು ಅವ್ರೆ, ನಿಮ್ ವಾರಗೆಯವ್ರು. ನಾನೇ ಓಗಿ ಕೇಳ್ಕಂಡ್ ಬಂದೆ.”

“ಏನಂತ ಕೇಳುದ್ರಿ?” ಅಂದಳು ಅವಳು.

“ವಯಸ್ಸೆಷ್ಟು ಅಂತ.”

“ಹೆಂಗಸ್ರ ಮನೆ ಬಾಗ್ಲಿಗೆ ಓಗಿ ವಯಸ್ಸು ಕೇಳುದ್ರಾ?”

“ಮಕ್ಳು ಎಷ್ಟ್ನೇ ಕ್ಲಾಸು ಅಂತ ಕೇಳ್ದೆ. ಅಂದಾಜು ಸಿಕ್ತು.”

ಅವಳು ನಕ್ಕ ನಗುವಿಗೆ ಅಂಗಡಿಯವನು ತಿರುಗಿ ನೋಡಿದ. ಅಷ್ಟು ದಿನಗಳಿಂದ ಟೇಬಲ್ಲಿನಲ್ಲಿ ಆ ನಗು ಕೇಳಿರಲಿಲ್ಲ ಅನ್ನುವುದು ನನಗೆ ಆಗ ಹೊಳೆಯಿತು.

“ಕೆಲ್ಸ ಬುಡಲ್ಲ ನಾನು” ಅಂದಳು.

“ಬುಡ್ಬ್ಯಾಡಿ. ಗುಂಡ್ಲುಪೇಟೆಗೂ ಫ್ಯಾಕ್ಟ್ರಿ ಬಸ್ ಬತ್ತದ. ಅದ್ನೂ ಕೇಳ್ಕಂಡೇ ಬಂದಿದ್ದೀನಿ.”

ಮದುವೆ ಒಂದು ದೇವಸ್ಥಾನದಲ್ಲಿ ಆಯಿತು. ಅರಳಿಕಟ್ಟೆಯ ಗೆಳೆಯರೆಲ್ಲ ಬಂದು ಪಂಕ್ತಿಯಲ್ಲಿ ಬಡಿಸಿದರು. ಬಸ್ಸಿನ ಹುಡುಗಿಯರೂ ಬಂದಿದ್ದರು. ಪಲ್ಯ ಹಾಕಿದ ಎಲೆಗೇ ಮತ್ತೆ ಪಲ್ಯ ಬೀಳುತ್ತಿತ್ತು. ಹುಡುಗಿಯರು ಎಲೆಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನನ್ನ ಕಣ್ಣು ಈ ಸಾಲಿನಿಂದ ಆ ಸಾಲಿಗೆ ಓಡುತ್ತಿತ್ತು. ಏನಾದರೂ ಆದೀತೆಂಬ ಆಸೆ. ಏನೂ ಆಗಲಿಲ್ಲ. ಸಂಜೆ ಹುಡುಗಿಯರು ಒಂದು ದಿಕ್ಕಿನ ಬಸ್ಸು ಹತ್ತಿದರು, ಹುಡುಗರು ಇನ್ನೊಂದು ದಿಕ್ಕಿನ ಟೆಂಪೊ ಹತ್ತಿದರು.

ಅವ್ವ ಗುಂಡ್ಲುಪೇಟೆಯ ಮನೆಗೆ ಬಂದಿರಲು ಒಪ್ಪಲಿಲ್ಲ. ಮೊದಮೊದಲು ಮುಖ ಊದಿಸಿಕೊಂಡಿದ್ದಳು. ಆದರೆ ಸೊಸೆ ನಸುಕಿನಲ್ಲೇ ಬಸ್ಸು ಹತ್ತಿದ ಕೂಡಲೆ ಮಗ ಬೈಕೇರಿ ಊರಿಗೆ ಬರುತ್ತಿದ್ದ. ಹೊಲ ನೋಡಿ, ಅವ್ವನ ಕೈಯ ಊಟ ಉಂಡು, ಸಂಜೆ ಹಾಲು ಡೈರಿಗೆ ಹಾಕಿ ಹೋಗುತ್ತಿದ್ದ. “ಅಗಲೆಲ್ಲ ನನ್ ಮಗ, ಕತ್ಲಾದ್ ಮ್ಯಾಲೆ ಅವ್ಳ ಗಂಡ” ಅಂತ ಅವ್ವ ಮೂದಲಿಸುತ್ತಿದ್ದಳು. ಆ ಏರ್ಪಾಡಿಗೆ ಅವಳು ಒಗ್ಗಿದಳು. ಒಗ್ಗದವನು ತಮ್ಮನೇ. ಬೆಳೆ ಬಲಿತಾಗ ಕಾವಲಿಗೆ ಅಟ್ಟಣೆಯಲ್ಲಿ ಮಲಗಲೇಬೇಕು. ಅಲ್ಲಿದ್ದರೆ ಇಲ್ಲಿಯ ಚಿಂತೆ, ಇಲ್ಲಿದ್ದರೆ ಅಲ್ಲಿಯ ಚಿಂತೆ. ಆ ರಸ್ತೆಯ ಹಳ್ಳ ಉಬ್ಬುಗಳೆಲ್ಲ ಅವನ ಬೈಕಿಗೆ ಬಾಯಿಪಾಠವಾಗಿವೆ.

ಅವಳಿಗೆ ಪಕ್ಕದ ಮನೆಯವಳೊಬ್ಬಳು ಜೊತೆಯಾದಳು. ಮನೆಯಲ್ಲೇ ಬ್ಲೌಸು ಹೊಲಿಯುವ ಸಾಬರ ಹೆಣ್ಣುಮಗಳು, ಇವಳ ವಯಸ್ಸೇ. ಮಕ್ಕಳನ್ನು ಉರ್ದುವಿನಲ್ಲಿ ಬೈಯುತ್ತ, ಮಧ್ಯೆ ತಿರುಗಿ ಇವಳ ಜೊತೆ ಕನ್ನಡದಲ್ಲಿ ನಗುತ್ತಾಳೆ. ಫ್ಯಾಕ್ಟರಿಯಲ್ಲಿ ಕಲಿತ ಕಾಲರಿನ ಹೊಲಿಗೆಯನ್ನು ಇವಳು ಅವಳಿಗೆ ತೋರಿಸಿಕೊಟ್ಟಳಂತೆ.

ಮದುವೆಯಾದ ಕೆಲವು ತಿಂಗಳಿಗೆ ನಾನು ಊರಿಗೆ ಹೋದಾಗ ಬೀದಿಯ ತುದಿಯ ಮನೆಗೆ ಹೋದೆ. ಬಾಗಿಲಲ್ಲಿ ಅವಳ ಅತ್ತೆ ಕೂತಿದ್ದಳು. “ಪೊಂಗಲ್ಗೆ ತವರ್ಗೋದ್ಲು ಕಣವ್ವ, ಕೂಸ್ನೂ ಎತ್ಕಂಡು. ಬಂದಿಲ್ಲ” ಅಂದಳು. “ಇವ್ನು ಎರಡ್ ಸಲ ಓಗಿ ಬಂದ. ಬತ್ತೀನಿ ಬತ್ತೀನಿ ಅಂತಾಳಂತೆ.” ಅಂಗಳದಲ್ಲಿ ಮಗುವಿನ ಮೂರು ಗಾಲಿಯ ಸೈಕಲ್ಲು ಮಲಗಿತ್ತು. ನಾವು ಅಲ್ಲಿಗೆ ಹೋಗದೇ ಇದ್ದಿದ್ದರೆ ಅವಳು ಇರುತ್ತಿದ್ದಳೇ? ಗೊತ್ತಿಲ್ಲ. ಇವಳು ಆ ಬೀದಿಗೇ ಬಂದಿದ್ದರೆ ಇಬ್ಬರೂ ಇರುತ್ತಿದ್ದರೋ, ಇಬ್ಬರೂ ಹೋಗುತ್ತಿದ್ದರೋ? ಅದೂ ಗೊತ್ತಿಲ್ಲ. ತಮ್ಮನ ಹೆಂಡತಿಗೆ ಈ ವಿಷಯ ಹೇಳಿದಾಗ ಅವಳು ಮಡಚುತ್ತಿದ್ದ ಸೀರೆಯನ್ನು ಬಿಚ್ಚಿ ಮತ್ತೆ ಮಡಚಿದಳು. “ನನ್ ಕೈ ಎಷ್ಟ್ ಗಟ್ಟಿಯಾಗಿ ಇಡ್ಕಂಡಿದ್ಲು ಅಕ್ಕ” ಅಂದಳು, ಅಷ್ಟೆ.

ಈಗ ಅವಳಿಗೆ ಆರು ತಿಂಗಳು. ಕಳೆದ ಭಾನುವಾರ ನಾನು ಗುಂಡ್ಲುಪೇಟೆಗೆ ಹೋಗಿದ್ದೆ. ಅವ್ವನೂ ತಮ್ಮನ ಬೈಕಿನ ಹಿಂದೆ ಕೂತು, ತುಪ್ಪದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಸೊಸೆಯ ತಲೆಗೆ ಎಣ್ಣೆ ಹಚ್ಚುತ್ತ, “ಎಣ್ಕೂಸೇ ಆಗ್ಲಿ ಬುಡು” ಅಂದಳು. ನನಗೆ ಆಶ್ಚರ್ಯವಾಯಿತು. ನಾನು ಹುಟ್ಟಿದ ಮೇಲೆ ಗಂಡು ಬೇಕೆಂದು ಇವಳು ಹರಕೆ ಹೊರದ ದೇವರಿರಲಿಲ್ಲ. “ಈಗ ಎಣ್ಗೇ ಬೆಲೆ ಕಣಮ್ಮಿ. ನಮ್ಮೂರ್ ಕಡೆ ಕೈಮುಗ್ದು ಕರ್ಕಂಡೋಯ್ತಾರೆ.”

“ಬೆಲೆ ಇರದು ಈರುಳ್ಳಿಗೆ ಅತ್ತೆ” ಅಂದಳು ಸೊಸೆ, ತಲೆ ಬಗ್ಗಿಸಿಕೊಂಡೇ. “ಯಾರೋ ಕರ್ಕಂಡೋಗ್ಲಿ ಅಂತ ನಾನು ಕೂಸ್ನ ಎರಲ್ಲ.”

ಅವ್ವನ ಎಣ್ಣೆಯ ಕೈ ನಿಧಾನವಾಯಿತು. ಕೋಪ ಬಂದಿತೋ, ಯೋಚನೆ ಬಂದಿತೋ, ಅವಳ ಮುಖದಿಂದ ಗೊತ್ತಾಗಲಿಲ್ಲ.

ಅಷ್ಟರಲ್ಲಿ ತಮ್ಮನಿಗೆ ಫೋನು ಬಂತು. ಪಕ್ಕದ ಹೊಲದ ಜೋಳಕ್ಕೆ ಹಂದಿ ನುಗ್ಗಿದೆಯಂತೆ. ಅವನು ಟಾರ್ಚು, ಸ್ವೆಟರು ತೆಗೆದುಕೊಂಡು, ಅವ್ವನನ್ನು ಹತ್ತಿಸಿಕೊಂಡು ಹೊರಟ. ಎರಡು ಮಾರು ಹೋಗಿ ಬೈಕು ನಿಲ್ಲಿಸಿದ. ಇಳಿದು ಬಂದು ಗ್ಯಾಸಿನ ರೆಗ್ಯುಲೇಟರ್ ನೋಡಿದ. ಮಾತ್ರೆ ತಿಂದೆಯಾ ಅಂತ ಕೇಳಿದ. ಮತ್ತೆ ಹೋದವನು ತಿರುಗಿ ಬಂದು ಫೋನಿನ ಚಾರ್ಜರು ಹುಡುಕಿದ. ಅದು ಅವನ ಜೇಬಿನಲ್ಲೇ ಇತ್ತು. “ಓಗಿ, ಅತ್ತೆ ಕಾಯ್ತಾವ್ರೆ” ಅಂತ ಅವಳು ಬೆನ್ನಿಗೆ ಕೈಯಿಟ್ಟು ತಳ್ಳಿದಳು.

ಬೈಕಿನ ಸದ್ದು ಊಟಿ ರಸ್ತೆಯ ಕಡೆ ತಿರುಗುವವರೆಗೂ ಅವಳು ಹೊಸ್ತಿಲಲ್ಲಿ ನಿಂತಿದ್ದಳು. ನನ್ನ ಬಸ್ಸಿಗೂ ಹೊತ್ತಾಗಿತ್ತು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅವಳು ಎಣ್ಣೆ ತಲೆಗೆ ಟವಲ್ಲು ಸುತ್ತಿಕೊಂಡು, ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದಳು.